ಶೂನ್ಯಮಾಸದ ಉಡುಗೊರೆ

ಮೊನ್ನೆ ಅರಸೀಕೆರೆ ಬಸ್‌ಸ್ಟ್ಯಾಂಡಿನ ಎದುರಿನ ಫ್ಯಾನ್ಸಿ ಸ್ಟೋರಿಗೆ ಹೋಗಿದ್ದೆ. ಅಂಗಡಿಯಾಕೆ ಮಿರಿಮಿರಿ ಮಿಂಚುವ ಕಾಗದದ ಹೊಸ ಸುರುಳಿಯನ್ನು ಬಿಚ್ಚಿ ಒಮ್ಮೆ ಕೊಡವಿದಳು ನೋಡಿ, ಆ ವಾಸನೆ ಮೂಗಿಗೆ ಬಡಿಯಿತು. ಹೊಸ ಕಾಗದದ್ದು, ಅಂಟಿನದು, ಹಸಿ ಬಣ್ಣದ್ದು. ಹಿಂದೆಯೇ ಬೀದಿಯ ಕೊಬ್ಬರಿ ವಾಸನೆಯೂ ಬಂದು ಸೇರಿತು. ನಮ್ಮೂರಿನಲ್ಲಿ ಯಾವ ವಾಸನೆಯೂ ಒಂಟಿಯಾಗಿ ಬರುವುದಿಲ್ಲ, ಕೊಬ್ಬರಿಯ ಕೈ ಹಿಡಿದುಕೊಂಡೇ ಬರುತ್ತದೆ.

"ಯಾರಿಗೆ ಅಕ್ಕಾ, ಬರ್ತ್‌ಡೇಗಾ?" ಎಂದಳು.

"ಅಲ್ಲಮ್ಮ, ಕ್ರಿಸ್‌ಮಸ್‌ಗೆ. ನಮ್ಮ ನಾದಿನಿ ಮಗಳಿಗೆ."

ಆಕೆಯ ಕಣ್ಣು ನನ್ನ ಹಣೆಯ ವಿಭೂತಿಯ ಮೇಲೆ ಒಂದು ಗಳಿಗೆ ನಿಂತಿತು. ನಿಲ್ಲಲಿ ಬಿಡಿ. ಹಾಗೆ ನಿಂತ ಕಣ್ಣುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದೆಲ್ಲ ಶುರುವಾದದ್ದು ಕೆಲವು ವರ್ಷಗಳ ಹಿಂದಿನ ಒಂದು ಧನುರ್ಮಾಸದಲ್ಲಿ. ಆ ತಿಂಗಳು ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ, ಶೂನ್ಯಮಾಸ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಆ ಶೂನ್ಯದಲ್ಲೇ ಎಲ್ಲ ನಡೆದುಹೋಯಿತು.

ನಮ್ಮದು ಕೊಬ್ಬರಿ ಮಂಡಿಯ ಮನೆ. ಮಾವನವರಿಗೆ ಪೇಟೆಯಲ್ಲಿ ಮಾತು ನಡೆಯುತ್ತಿತ್ತು, ಮಠದಲ್ಲಿ ಮುಂದಿನ ಸಾಲಿನಲ್ಲಿ ಜಾಗವಿತ್ತು. ನಾನು ಹಿರಿಸೊಸೆಯಾಗಿ ಬಂದಾಗ ಅತ್ತೆ ಗಿರಿಜಮ್ಮ ನನಗೆ ಮೊದಲು ಕಲಿಸಿದ್ದು ಅಡುಗೆಯನ್ನಲ್ಲ, ಕೊಡುವುದನ್ನು. ಹಬ್ಬಕ್ಕೆ ಹೆಣ್ಣುಮಕ್ಕಳ ಮನೆಗೆ ತವರಿನಿಂದ ಏನೇ ಹೋಗಲಿ, ತಟ್ಟೆಯಲ್ಲಿ ತೆರೆದೇ ಹೋಗಬೇಕು. ಕೆಳಗೆ ಅಕ್ಕಿ, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಎಲೆ ಅಡಿಕೆ, ಪಕ್ಕಕ್ಕೆ ಜೋಡಿ ಕೊಬ್ಬರಿ ಬಟ್ಟಲು. ಒಂಟಿ ಬಟ್ಟಲು ಇಟ್ಟರೆ ಅತ್ತೆಯ ಹುಬ್ಬು ಮೇಲೇರುತ್ತಿತ್ತು. ತಟ್ಟೆ ಹೋಗುವುದನ್ನು ಬೀದಿ ನೋಡಬೇಕು, ಬಸ್ಸಿನವರು ನೋಡಬೇಕು, ಬೀಗರ ನಡುಮನೆಯಲ್ಲಿ ಇಳಿಸಿದಾಗ ಯಾರ ಕಡೆಯಿಂದ ಯಾರಿಗೆ, ಏನು ಎಂದು ಗಟ್ಟಿಯಾಗಿ ಹೇಳಬೇಕು. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವ ಮಾತು ದಾನಕ್ಕೆ ಸರಿ. ಮಗಳಿಗೆ ಕೊಡುವುದು ದಾನವಲ್ಲ, ಅವಳ ಹಕ್ಕು. ಅದು ಊರಿಗೆಲ್ಲ ತಿಳಿಯಬೇಕು. "ಮುಚ್ಚಿ ಕೊಟ್ರೆ ಕದ್ದು ಕೊಟ್ಟಂಗೆ ಕಣೇ ಸರೋಜಾ" ಎನ್ನುತ್ತಿದ್ದರು ಅತ್ತೆ.

ಹಾಗೆ ತಟ್ಟೆ ಹೋಗುತ್ತಿದ್ದದ್ದು ತಿಪಟೂರಿಗೆ ಕೊಟ್ಟ ದೊಡ್ಡ ಮಗಳಿಗೆ ಮಾತ್ರ. ಚಿಕ್ಕವಳು ಶೈಲ ಹಾಸನದಲ್ಲಿ ಓದುವಾಗ ಪರಿಚಯವಾದ ಅಂತೋಣಿಯನ್ನು ಮದುವೆಯಾದಳು. ಅವನು ಬೇಲೂರಿನ ದಾರಿಯ ಹಗರೆಯಲ್ಲಿ ಹಾಲಿನ ಡೇರಿಯಲ್ಲಿದ್ದ. ತಂದೆ ತಾಯಿ ಇಲ್ಲದ, ತಾನಾಯಿತು ತನ್ನ ಕೆಲಸವಾಯಿತು ಎನ್ನುವ ಮನುಷ್ಯ. ಅವನ ಮೇಲೆ ಹೇಳಲು ತಪ್ಪು ಸಿಗದೆ ನಮ್ಮವರಿಗೆ ಇನ್ನಷ್ಟು ಸಿಟ್ಟು ಬಂದಿತ್ತು. "ಈ ಮನೆಯಿಂದ ಆ ಮನೆಗೆ ಒಂದು ಕಡ್ಡಿನೂ ಹೋಗಕೂಡದು" ಎಂದರು ಮಾವ. ಹೋಗಲಿಲ್ಲ. ಶೈಲನಿಗೆ ಮಗಳು ಹುಟ್ಟಿದಳು, ರೀಟಾ ಎಂದು ಹೆಸರಿಟ್ಟರು, ಆ ಮಗು ನಡೆಯಿತು, ಮಾತಾಡಿತು, ಸ್ಕೂಲಿಗೆ ಸೇರಿತು. ತೊಟ್ಟಿಲಿಗೆ ಹಾಕಲು ಒಂದು ಬಟ್ಟೆ ಕೂಡ ನಮ್ಮನೆಯಿಂದ ಹೋಗಲಿಲ್ಲ. ನನ್ನ ಗಂಡ ಒಳ್ಳೆಯವರೇ, ಆದರೆ ಅಪ್ಪನ ಮುಂದೆ ಅವರ ಒಳ್ಳೆಯತನಕ್ಕೆ ಬಾಯಿರಲಿಲ್ಲ.

ಆ ವರ್ಷ ಚಳಿ ಜೋರಾಗಿತ್ತು. ಬೆಳಿಗ್ಗೆ ಮಂಜು ತೆಂಗಿನ ಗರಿಗಳಿಂದ ತೊಟ್ಟಿಕ್ಕುತ್ತಿತ್ತು, ಅಂಗಳದಲ್ಲಿ ಹರವಿದ ಕೊಬ್ಬರಿಗೆ ಬಿಸಿಲು ಬೀಳುವುದು ಹೊತ್ತೇರಿದ ಮೇಲೆಯೇ. ಬೆಳಗಿನ ಜಾವದ ಪೂಜೆ, ಹುಗ್ಗಿ, ಗಂಟೆ ಸದ್ದು ಎಲ್ಲ ಮುಗಿದು ನಾನು ಪಾತ್ರೆಗೆ ಕೂತಾಗ ಶೈಲನ ಫೋನ್ ಬಂತು. ನಾವಿಬ್ಬರೂ ಆಗೀಗ ಮಾತಾಡುತ್ತಿದ್ದೆವು. ಅದನ್ನು ನಾನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ, ಕೇಳಿದರೆ ಹೇಳುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ.

"ರಜೆಗೆ ಎಲ್ಲರೂ ಅಜ್ಜಿಮನೆಗೆ ಹೋಗ್ತಾರಂತೆ ಅತ್ತಿಗೆ. ನಮಗೆ ಯಾಕಮ್ಮ ಅಜ್ಜಿಮನೆ ಇಲ್ಲ ಅಂತ ಕೇಳ್ತಾಳೆ" ಎಂದಳು ಶೈಲ. ಅಳುತ್ತಿರಲಿಲ್ಲ. ಅಳು ಬತ್ತಿದ ಮೇಲೆ ಉಳಿಯುತ್ತದಲ್ಲ, ಅಂಥ ದನಿ.

ನನಗೆ ಸಿಟ್ಟು ಬಂದರೆ ಮೊದಲು ಪಾತ್ರೆಗಳಿಗೆ ಗೊತ್ತಾಗುತ್ತದೆ. ಸದ್ದು ಕೇಳಿ ಅತ್ತೆ ಹಿತ್ತಲಿಗೆ ಬಂದರು. ನಾನು ಕೈ ಒರೆಸಿಕೊಂಡು ನೇರವಾಗಿಯೇ ಹೇಳಿದೆ: "ಅತ್ತೆ, ಈ ಸಲ ಕ್ರಿಸ್‌ಮಸ್‌ಗೆ ರೀಟಾಗೆ ರೇಷ್ಮೆ ಲಂಗ ಹೊಲಿಸಿ ಕಳಿಸ್ತೀನಿ. ನೀವು ಬೇಡ ಅಂದ್ರೂ ಕಳಿಸ್ತೀನಿ. ತವರಿನವರು ಕೊಡಬೇಕಾದ್ದು ಹಬ್ಬಕ್ಕೆ. ಅವಳ ಹಬ್ಬ ಅದು. ನಮ್ಮ ಹಬ್ಬ ಬರಲಿ ಅಂತ ಕಾಯೋದಕ್ಕೆ ಆ ಮಗೂಗೆ ನಮ್ಮ ಹಬ್ಬನೇ ಗೊತ್ತಿಲ್ಲ."

ನನ್ನ ಸಿಟ್ಟು ಅಷ್ಟರಲ್ಲಿ ಒಂದು ಕಲ್ಲಿಗೆ ಎಡವಿತು. ಹೊಲಿಸುವುದೇನೋ ಸರಿ, ಅಳತೆ? ಮಗುವನ್ನು ನಾನು ಫೋನಿನ ಪಟದಲ್ಲಿ ನೋಡಿದ್ದೆನೇ ಹೊರತು ಎದುರಿಗೆ ಕಂಡವಳಲ್ಲ. "ಎಷ್ಟೆತ್ತರ ಇದ್ದಾಳೋ ಏನೋ" ಎಂದು ನನ್ನಷ್ಟಕ್ಕೆ ಅಂದುಕೊಂಡೆ.

ಅತ್ತೆಯ ಕೈ ತಾನಾಗಿಯೇ ಮೇಲೆದ್ದು ಸೊಂಟದ ಹತ್ತಿರ, ಸೀರೆಯ ನೆರಿಗೆಗಿಂತ ತುಸು ಮೇಲೆ ಬಂದು ನಿಂತಿತು. "ಇಷ್ಟು" ಎಂದರು. ಹೇಳಿದ ಮೇಲೆ ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದರು.

ನಾನು ನೋಡಿದೆ. ಅವರು ನೋಡಿದರು. ಆಮೇಲೆ ಒಗೆಯುವ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದರು. ಕಾರ್ತಿಕ ಸೋಮವಾರ ಹಳೇಬೀಡಿನ ದೇವರಿಗೆ ಎಂದು ಅವರು ಒಬ್ಬರೇ ಹೋಗಿಬರುತ್ತಿದ್ದರಲ್ಲ, ಅಲ್ಲಿಗೆ ಶೈಲ ಮಗುವನ್ನು ಕರೆದುಕೊಂಡು ಬರುತ್ತಿದ್ದಳಂತೆ. ಗುಡಿಯ ಮುಂದಿನ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬರುವುದು. ಮಗು ಇವರನ್ನು ಅಜ್ಜಿ ಎಂದೇ ಕರೆಯುತ್ತಿತ್ತು, ಆದರೆ ಮಕ್ಕಳಿಗೆ ಯಾವ ಮುದುಕಿಯಾದರೂ ಅಜ್ಜಿಯೇ. ತನ್ನ ಸ್ವಂತ ಅಜ್ಜಿ ಎಂದು ಅದಕ್ಕೆ ಹೇಳಿರಲಿಲ್ಲ. ಹಗರೆಯಲ್ಲಿ ನಮ್ಮ ಕಡೆಯ ನೆಂಟರೊಬ್ಬರಿದ್ದರು. ಮಗು ಎಲ್ಲಾದರೂ ಬಾಯಿಬಿಟ್ಟರೆ ಸಂಜೆಯೊಳಗೆ ಸುದ್ದಿ ಮಾವನವರ ಕಿವಿಗೆ ಬೀಳುತ್ತಿತ್ತು. ಅಷ್ಟೇ ಅಲ್ಲ, ಪ್ರತಿ ಕ್ರಿಸ್‌ಮಸ್‌ಗೂ ಏನಾದರೊಂದು ಕೊಂಡು, ಪೇಪರಿನಲ್ಲಿ ಸುತ್ತಿ, ಹೆಸರು ಹೇಳದೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದರಂತೆ. ತೆರೆದೇ ಕೊಡಬೇಕು ಎಂದು ನನಗೆ ಪಾಠ ಹೇಳಿದ ಅತ್ತೆ!

ನಾನು ಅಲ್ಲಿಂದಲೇ ಶೈಲನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. "ಅಮ್ಮ ಕಳಿಸಿದ್ದನ್ನ ಮಗೂಗೆ ಯಾರು ಕೊಟ್ಟರು ಅಂತ ಹೇಳ್ತಿದ್ದೆ?" ಎಂದು ಕೇಳಿದೆ.

"ಇನ್ನೇನು ಹೇಳ್ಲಿ ಅತ್ತಿಗೆ? ಕ್ರಿಸ್‌ಮಸ್ ತಾತ ಕೊಟ್ಟ ಅಂತ."

"ಯಾವ ತಾತ?" ಎಂದರು ಅತ್ತೆ.

"ಕೆಂಪು ಅಂಗಿ, ಬಿಳಿ ಗಡ್ಡ ಇರ್ತದಲ್ಲ ಅಮ್ಮ, ಆ ತಾತ."

ಅತ್ತೆಯ ಮುಖವನ್ನು ಆಗ ನೋಡಬೇಕಿತ್ತು. "ಅಲ್ಲ ಕಣೇ, ನಾನು ಸೆರಗಲ್ಲಿ ಮುಚ್ಕಂಡು, ಯಾರಾದ್ರೂ ಕಂಡಾರು ಅಂತ ಎದೆ ಡವಡವ ಅನ್ಸ್ಕಂಡು ಬಸ್ಸಿಗೆ ಕೊಟ್ಟು ಬಂದಿದ್ದು. ಹೆಸ್ರು ಆ ಗಡ್ಡದೋನಿಗಾ?"

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಐದು ವರ್ಷ ಗಂಡನಿಗೆ ಹೆದರಿದ್ದ ಹೆಂಗಸಿಗೆ ಧೈರ್ಯ ತಂದದ್ದು ನನ್ನ ಭಾಷಣವಲ್ಲ, ಆ ಗಡ್ಡದ ತಾತನ ಮೇಲಿನ ಹೊಟ್ಟೆಕಿಚ್ಚು. "ಈ ಸಲ ನಾನೇ ಹೋಗಿ ಕೊಟ್ಟು ಬತ್ತೀನಿ. ತಟ್ಟೆಲಿ ಇಟ್ಕಂಡು, ಬೀದಿಲೇ ನಡ್ಕಂಡು" ಎಂದರು.

ಆದರೆ ಶೈಲ ಒಂದು ತೊಡಕು ಹೇಳಿದಳು. ಅವರ ಮನೆಯಲ್ಲಿ ಮಕ್ಕಳ ಉಡುಗೊರೆಯನ್ನು ಕಾಗದದಲ್ಲಿ ಸುತ್ತಿಯೇ ಕೊಡಬೇಕು. ಅದು ಬಾಲಯೇಸುವಿನ ಗೊಂಬೆ ಮಲಗಿಸುವ ಗೋದಲಿಯ ಪಕ್ಕದಲ್ಲಿ ಇರಬೇಕು, ಹಬ್ಬದ ಬೆಳಿಗ್ಗೆ ಚರ್ಚಿನಿಂದ ಬಂದ ಮೇಲೆ ಮಗುವೇ ಬಿಚ್ಚಬೇಕು. ಒಳಗೇನಿದೆ ಎಂದು ಮೊದಲೇ ಕಂಡುಬಿಟ್ಟರೆ ಅದು ಉಡುಗೊರೆಯೇ ಅಲ್ಲ, ಅಂಗಡಿಯಿಂದ ತಂದ ಸಾಮಾನು. ನಮ್ಮ ರೂಢಿಯಲ್ಲಿ ಬೀದಿಗೆ ಕಾಣಬೇಕು, ಅವರ ರೂಢಿಯಲ್ಲಿ ಮಗುವಿಗೂ ಕಾಣಬಾರದು.

"ಮುಚ್ಚಿ ಕಳ್ಸಿದ್ದು ಸಾಕಾಗೈತೆ ನಂಗೆ" ಎಂದು ಅತ್ತೆ ಪಟ್ಟು ಹಿಡಿದರು. ಲಂಗ ಹೊಲಿದು ಬಂತು. ಶೂನ್ಯಮಾಸದಲ್ಲಿ ಕೆಲಸವಿಲ್ಲದೆ ಕೂತಿದ್ದ ಟೈಲರ್ ಖುಷಿಯಿಂದಲೇ ಹೊಲಿದುಕೊಟ್ಟಿದ್ದ. ಹಸಿರು ಮೈ, ಕೆಂಪು ಅಂಚು. ಮಗುವಿನ ಹಬ್ಬದ ಖುಷಿ ಕೆಡಿಸಬೇಡಿ ಎಂದು ನಾನು ಅತ್ತೆಯನ್ನು ಹೇಗೋ ಒಪ್ಪಿಸಿದೆ. ನಡುಮನೆಯಲ್ಲಿ ಕೂತು ಇಬ್ಬರೂ ಸುತ್ತಲು ಶುರುಮಾಡಿದೆವು. ಅತ್ತೆಯ ಕೊಬ್ಬರಿಯೆಣ್ಣೆ ಕೈಗೆ ಸೆಲ್ಲೋಟೇಪು ನಿಲ್ಲುತ್ತದೆಯೇ? ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದುಬರುತ್ತಿತ್ತು. ಕೊನೆಗೆ ಅವರನ್ನು ದೂರ ಕೂರಿಸಿ ನಾನೇ ಸುತ್ತಿದೆ. ಮೂರು ಮಗ್ಗುಲು ಮುಗಿದು ನಾಲ್ಕನೆಯದಕ್ಕೆ ಬಂದಾಗ ಅತ್ತೆ ನನ್ನ ಕೈ ಹಿಡಿದರು. "ಈ ಕಡೆ ಒಸಿ ಬಿಡು. ಅಂಚು ಕಾಣ್ಲಿ" ಎಂದರು. ಹೀಗೆ ಮುಚ್ಚಿದ್ದೂ ಹೌದು, ಕಾಣುವುದೂ ಹೌದು ಎನ್ನುವಂಥ ಒಂದು ಪೊಟ್ಟಣ ತಯಾರಾಯಿತು. ಅಂಥದ್ದನ್ನು ಯಾವ ಕ್ರಿಸ್ತನ ಹಬ್ಬವೂ ಕಂಡಿರಲಿಕ್ಕಿಲ್ಲ, ಯಾವ ಗೌರಿ ಹಬ್ಬವೂ ಕಂಡಿರಲಿಕ್ಕಿಲ್ಲ.

ಅದನ್ನು ತಟ್ಟೆಯಲ್ಲಿಟ್ಟು ಕೊಬ್ಬರಿ ಬಟ್ಟಲು ಜೋಡಿಸುತ್ತಿದ್ದಾಗ ಮಾವ ಒಳಗೆ ಬಂದರು. ತಟ್ಟೆ ನೋಡಿದರು. ಯಾರಿಗೆ ಎಂದು ಕೇಳಲಿಲ್ಲ, ತಿಳಿಯದಷ್ಟು ದಡ್ಡರಲ್ಲ. ಜಾತಿಯ ಮಾತನ್ನೂ ಎತ್ತಲಿಲ್ಲ. ಪಂಚಾಂಗ ಎತ್ತಿದರು.

"ಶೂನ್ಯಮಾಸದಲ್ಲಿ ಮನೆಯಿಂದ ಶುಭದ ತಟ್ಟೆ ಹೊರಡೋದು ಎಲ್ಲೈತೆ? ಈ ಮನೇಲಿ ಯಾವತ್ತಾದ್ರೂ ನಡೆದೈತಾ?"

ಮದುವೆಯಾಗಿ ಬಂದಂದಿನಿಂದ ಮಾವನವರಿಗೆ ನಾನು ಎದುರು ಮಾತಾಡಿದವಳಲ್ಲ. ಅವತ್ತು ಆಡಿದೆ. "ಶೂನ್ಯಮಾಸ ಅಂತ ಕೊಬ್ಬರಿ ಹರಾಜು ನಿಂತಿದ್ಯಾ ಮಾವ? ಬೆಳಿಗ್ಗೆ ತಾನೇ ಲಾರಿಗೆ ಕುಂಕುಮ ಹಚ್ಚಿ ಕಳಿಸಿದ್ರಿ. ಲಾಭಕ್ಕೆ ಇಲ್ಲದ ಶೂನ್ಯ ಮೊಮ್ಮಗಳಿಗೆ ಯಾಕೆ? ಅವರ ಹಬ್ಬಕ್ಕೆ ಅವರ ಪಂಚಾಂಗ."

ಮಾವ ನನ್ನ ಕಡೆ ತಿರುಗಲಿಲ್ಲ. ಅತ್ತೆಗೆ ಹೇಳಿದರು: "ಆ ತಟ್ಟೆ ಹೊಸ್ತಿಲು ದಾಟಿದ್ರೆ ಈ ಮನೇಲಿ ನನ್ನ ಮಾತು ಮುಗೀತು ಅಂತ ತಿಳ್ಕ."

ಅತ್ತೆ ಎಲೆ ಅಡಿಕೆ ಜೋಡಿಸುತ್ತಲೇ ಇದ್ದರು. "ಐದು ವರ್ಸದಿಂದ ನಿಮ್ ಮಾತೇ ನಡೆದೈತೆ. ಅದಕ್ಕೂ ಕಾಲು ನೋಯ್ತಿರ್ತೈತೆ. ಒಸಿ ಕೂತ್ಕಳ್ಲಿ ಬಿಡಿ" ಎಂದರು.

ತಟ್ಟೆ ಹೊಸ್ತಿಲು ದಾಟಿತು. ನನ್ನ ಗಂಡ ಬಾಗಿಲ ಬಳಿ ನಿಂತಿದ್ದವರು ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರ ಮಟ್ಟಿಗೆ ಅದೇ ದೊಡ್ಡ ಬಂಡಾಯ.

ಬಸ್‌ಸ್ಟ್ಯಾಂಡಿಗೆ ಹಿಂದಿನ ಓಣಿಯಿಂದಲೂ ಹೋಗಬಹುದಿತ್ತು. ಅತ್ತೆ ಮಂಡಿ ಬೀದಿಯನ್ನೇ ಹಿಡಿದರು. ಎರಡೂ ಕಡೆ ಅಂಗಡಿಗಳು, ಕೊಬ್ಬರಿ ಆರಿಸುವವರು, ತಕ್ಕಡಿಯ ಮುಂದೆ ಕೂತವರು. ತಟ್ಟೆಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು ಮುಂದೆ ಅತ್ತೆ, ಚೀಲ ಹಿಡಿದು ಹಿಂದೆ ನಾನು. ಮಾವನವರ ಹಳೆಯ ಸ್ನೇಹಿತರೊಬ್ಬರು ಅಂಗಡಿಯಿಂದಲೇ ಕೇಳಿದರು: "ಏನ್ ಗಿರಿಜಮ್ನೋರೇ, ತಟ್ಟೆ ಜೋರಾಗೈತೆ. ತಿಪಟೂರಿಗಾ?"

"ಇಲ್ಲ ಕಣಪ್ಪ, ಹಗರೆಗೆ. ನಮ್ ಶೈಲನ ಮಗಳಿಗೆ. ಅವರದ್ದು ಕ್ರಿಸ್‌ಮಸ್ ಹಬ್ಬ ಅಲ್ವಾ ನಾಳೆ."

ತಕ್ಕಡಿಯ ಸದ್ದು ನಿಂತಿತು. ಅತ್ತೆ ನಿಂತು, ಅವರೆಲ್ಲ ಕೆಂಪು ಅಂಚನ್ನು ಚೆನ್ನಾಗಿ ನೋಡುವವರೆಗೂ ಕಾದು, ಮುಂದೆ ಹೆಜ್ಜೆ ಹಾಕಿದರು. ನಾನೂ ತಲೆ ಎತ್ತಿಕೊಂಡು ಹಿಂದೆಯೇ ನಡೆದೆ.

ಬಾಣಾವರ, ಜಾವಗಲ್ ದಾಟಿ ಹಳೇಬೀಡಿನಲ್ಲಿ ಬಸ್ ಬದಲಿಸಿ ಹಗರೆ ಸೇರುವಾಗ ಮಧ್ಯಾಹ್ನ ಕಳೆದಿತ್ತು. ತಟ್ಟೆಯನ್ನು ಅತ್ತೆ ತೊಡೆಯಿಂದ ಇಳಿಸಲೇ ಇಲ್ಲ. ಶೈಲ ಬಾಗಿಲು ತೆರೆದವಳು ಅಮ್ಮನನ್ನು ಕಂಡು, ತಟ್ಟೆಯನ್ನು ಕಂಡು, ಅಲ್ಲೇ ಕಂಬಕ್ಕೆ ಒರಗಿದಳು. ಅಂತೋಣಿ ಕಾಲಿಗೆ ನೀರು ತಂದುಕೊಟ್ಟ. ಮಗು ಗೋದಲಿಗೆ ಹುಲ್ಲು ಹೊಂದಿಸುತ್ತಿದ್ದದ್ದು ಎದ್ದು ಬಂದು ನೋಡಿತು. "ಹಳೇಬೀಡಿನ ಅಜ್ಜಿ!" ಎಂದಿತು.

ಅತ್ತೆ ಆಗಿಂದಾಗಲೇ ಪೊಟ್ಟಣವನ್ನು ಮಗುವಿನ ಕೈಗಿತ್ತು, ಲಂಗ ಉಡಿಸಿ, ಕಣ್ತುಂಬ ನೋಡಿಕೊಂಡು ಸಂಜೆಯ ಬಸ್ಸಿಗೆ ಹೊರಡುವ ಲೆಕ್ಕದಲ್ಲಿದ್ದರು. ನಮ್ಮ ಕಡೆ ಬಟ್ಟೆ ಕೊಟ್ಟರೆ ಕೊಟ್ಟವರ ಎದುರಿಗೇ ಉಟ್ಟು ತೋರಿಸುವುದು ಮರ್ಯಾದೆ. ಶೈಲ ತಡವರಿಸಿದಳು. "ಅಮ್ಮ, ಬಿಚ್ಚೋದು ನಾಳೆ ಬೆಳಿಗ್ಗೆ. ಅವಳಿಗೆ ನಾವೇ ಹಾಗೆ ಕಲಿಸಿದ್ದೀವಿ."

"ಬಿಚ್ಚಲಿ ಬಿಡು ಶೈಲ, ಅಮ್ಮ ಅಷ್ಟು ದೂರದಿಂದ ಬಂದಿದ್ದಾರೆ" ಎಂದ ಅಂತೋಣಿ.

ಮಗು ಇಬ್ಬರ ಮುಖವನ್ನೂ ನೋಡುತ್ತಾ ನಿಂತಿತ್ತು. ನಾವು ಬಿಟ್ಟಿದ್ದ ಸಂದಿಯೊಳಕ್ಕೆ ಅದರ ಕಿರುಬೆರಳು ಆಗಲೇ ತೂರಿ ಕೆಂಪು ಅಂಚನ್ನು ಸವರುತ್ತಿತ್ತು. ಆದರೆ ಕಾಗದ ಹರಿಯಲಿಲ್ಲ. "ನಾಳೆ" ಎಂದು ತಾನೇ ಹೇಳಿ, ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಗೋದಲಿಯ ಪಕ್ಕದಲ್ಲಿಟ್ಟು ಬಂತು.

ಅತ್ತೆ ಗೋಡೆಗೆ ಒರಗಿ ಕಾಲು ನೀಡಿ ಕೂತರು. "ಸರಿ. ನಾಳೆ ಅಂದ್ರೆ ನಾಳೆ. ನೋಡ್ಕಂಡೇ ಹೋಯ್ತೀನಿ" ಎಂದರು.

ತಟ್ಟೆ ತಂದದ್ದೇ ಒಂದು, ಆ ಮನೆಯಲ್ಲಿ ಉಳಿಯುವುದೇ ಇನ್ನೊಂದು. ಮಾವನವರಿಗೆ ಏನು ಹೇಳುವುದು? ಅತ್ತೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು ತಾವೇ ಮಾತಾಡಿದರು. "ಕಾಗದ ಬಿಚ್ಚೋದು ನಾಳೆಯಂತೆ. ನೋಡ್ಕಂಡು ಬತ್ತೀನಿ. ನೀವು ಊಟ ಮಾಡ್ಕಳಿ." ಅಷ್ಟೇ. ಆ ಕಡೆಯಿಂದ ಏನು ಬಂತೋ, ಪೂರ್ತಿ ಕೇಳದೆ ಫೋನ್ ನನ್ನ ಕೈಗೆ ಕೊಟ್ಟುಬಿಟ್ಟರು. ಕಾಗದದಲ್ಲಿ ಸುತ್ತುವ ರೂಢಿಯನ್ನು ಬೈದುಕೊಂಡೇ ಬಂದಿದ್ದ ನಾನು ಆ ಸಂಜೆ ಅದಕ್ಕೆ ಕೈಮುಗಿದೆ. ಲಂಗ ತೆರೆದೇ ಹೋಗಿದ್ದರೆ ಆ ತಾಯಿ ಮಗಳು ಒಂದೇ ಒಲೆಯ ಮುಂದೆ ಕೂತು ಕರ್ಜಿಕಾಯಿ ಮಡಿಸುವುದನ್ನು ನಾನು ನೋಡುತ್ತಿರಲಿಲ್ಲ.

ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಗೋದಲಿ ಇದ್ದ ಕೋಣೆಯಲ್ಲೇ ಚಾಪೆ ಹಾಕಿಕೊಂಡು ಎಂದಿನಂತೆ ಲಿಂಗಪೂಜೆ ಮಾಡಿದರು. ಅಂತೋಣಿ ಹೂವು ಬಿಡಿಸಿ ತಂದಿಟ್ಟಿದ್ದ. ಅವರು ಮೂವರೂ ಚರ್ಚಿಗೆ ಹೋಗಿ ಬಂದರು. ಮಗು ಚಪ್ಪಲಿ ಬಿಡುವುದಕ್ಕೂ ತಾಳದೆ ಓಡಿಬಂದು ಪೊಟ್ಟಣ ಹಿಡಿದು ಕೂತಿತು. ನಾನು ಅಂಟಿಸಿದ ಟೇಪನ್ನೆಲ್ಲ ಕಿತ್ತು, ಲಂಗವನ್ನು ಎತ್ತಿ ಹಿಡಿದು ಕೇಳಿತು: "ಕ್ರಿಸ್‌ಮಸ್ ತಾತ ನಿಮ್ಮ ಕೈಲಿ ಕೊಟ್ಟು ಕಳಿಸಿದ್ನಾ ಅಜ್ಜಿ?"

ಅತ್ತೆ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು, ಬೀಗರ ಮನೆಯ ತುಂಬಿದ ನಡುಮನೆಯಲ್ಲಿ ಹೇಳುವಂತೆ ಗಟ್ಟಿಯಾಗಿ ಹೇಳಿದರು: "ಅರಸೀಕೆರೆ ಗಿರಿಜಮ್ಮನ ಕಡೆಯಿಂದ, ಮೊಮ್ಮಗಳು ರೀಟಾಗೆ, ರೇಷ್ಮೆ ಲಂಗ." ಆಮೇಲೆ ಮಗುವಿನ ಮುಂದೆ ಕೂತರು. "ನಾನು ನಿಮ್ಮಮ್ಮನ ಅಮ್ಮ ಕಣೇ. ನಿನ್ ಸ್ವಂತ ಅಜ್ಜಿ. ಹೋದ್ವರ್ಸ ಸ್ವೆಟರ್ ಕಳ್ಸಿದ್ದು ನಾನು. ಅದ್ರ ಹಿಂದಿನ ವರ್ಸ ಗೊಂಬೆನೂ ನಾನೇ. ನಿಂಗೂ ಅಜ್ಜಿಮನೆ ಐತೆ."

ಮಗು ಯೋಚಿಸಿತು. "ಹಾಗಂದ್ರೆ ತಾತಂಗೆ ಬೇಜಾರಾಗಲ್ವಾ?"

"ಆದ್ರೆ ಆಗ್ಲಿ. ಅರಸೀಕೆರೆ ತಾತಂಗೂ ಆಗೈತೆ" ಎಂದರು ಅತ್ತೆ. ಶೈಲ ನಗುತ್ತಾ ಅಳುತ್ತಾ ಲಂಗ ಉಡಿಸಿದಳು. ಒಂದು ಬೆರಳಷ್ಟು ಉದ್ದವಾಗಿತ್ತು, ಬೆಳೆಯುವ ಮಗುವಿಗೆ ಅಷ್ಟು ಇರಬೇಕು.

ಹೊರಡುವಾಗ ಶೈಲ ತಟ್ಟೆಯ ತುಂಬ ಕರ್ಜಿಕಾಯಿ ಹಾಕಿಕೊಟ್ಟಳು. ನಾವು ಮತ್ತೆ ಅದೇ ಮಂಡಿ ಬೀದಿಯಲ್ಲಿ ಬಂದೆವು. ಮಾವ ಜಗಲಿಯ ಮೇಲೆ ಕೂತಿದ್ದರು. ಜೊತೆಯಲ್ಲಿ ಪೇಟೆಯ ಇಬ್ಬರು ಮೂವರು, ಬೇಕೆಂದೇ ಬಂದು ಕೂತವರ ಹಾಗೆ ಕಾಣುತ್ತಿದ್ದರು. ಅತ್ತೆ ಮೆಟ್ಟಿಲು ಹತ್ತುವಷ್ಟರಲ್ಲಿ ಮಾವ ಕೈ ಅಡ್ಡ ಹಿಡಿದರು.

"ನೀನು ಒಳಗೆ ಹೋಗು. ಅದನ್ನ ಒಳಗೆ ತರಬೇಡ. ಮೊಟ್ಟೆ ಗಿಟ್ಟೆ ಮುಟ್ಟೋ ಕೈಲಿ ಮಾಡಿದ್ದು ಈ ಮನೆಯೊಳಗೆ ಬರಕೂಡದು."

ಕೂತವರೆಲ್ಲ ಅತ್ತೆಯ ಕಡೆ ನೋಡಿದರು. ಅತ್ತೆ ಒಳಗೆ ಹೋಗಲಿಲ್ಲ. ಅಲ್ಲೇ, ಮಾವನವರ ಪಕ್ಕದಲ್ಲೇ, ಗಂಡಸರು ಮಾತ್ರ ಕೂರುವ ಆ ಜಗಲಿಯ ಮೇಲೆ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು. ಒಂದು ಕರ್ಜಿಕಾಯಿ ಎತ್ತಿ, ಮುರಿದು, ಬಾಯಿಗೆ ಹಾಕಿಕೊಂಡು, ಅವಸರವಿಲ್ಲದೆ ಅಗಿದು ನುಂಗಿದರು. ಬೆರಳಿಗೆ ಹತ್ತಿದ ಹೂರಣವನ್ನೂ ಬಿಡಲಿಲ್ಲ. ಆಮೇಲೆ ಬೀದಿಯ ಆಚೆ ಬದಿಯ ಅಂಗಡಿಗೂ ಕೇಳುವ ದನಿಯಲ್ಲಿ ಹೇಳಿದರು:

"ಮೊಟ್ಟೆ ಹಾಕಿಲ್ಲ. ನನ್ ಮಗಳು ಮಾಡಿದ್ದು, ಹಾಕಿದ್ರೂ ತಿಂತಿದ್ದೆ."